ಉಸಿರು ಕೊಳವೆ

ಗಜಾನನನ ಪ್ರಕಾರ ಈ ಲೋಕದಲ್ಲಿ ಇದ್ದದ್ದು ಎರಡೇ ಜಾತಿ: ಸ್ಪ್ಯಾನರ್ ಹಿಡಿಯಲು ಬಾರದವರದ್ದು ಒಂದು, ಬಾರದಿದ್ದರೂ ಹಿಡಿಯುವವರದ್ದು ಇನ್ನೊಂದು. ಮೊದಲನೆಯವರನ್ನು ಅವನು ಹೇಗೋ ಸಹಿಸಿಕೊಳ್ಳುತ್ತಿದ್ದ. ಎರಡನೆಯವರನ್ನು ಕಂಡರೆ ಅವನ ಮೂಗಿನ ಹೊಳ್ಳೆ ಅರಳುತ್ತಿತ್ತು. ಮಡಿಕೇರಿಯ ಬಸ್ ಗ್ಯಾರೇಜೊಂದರಲ್ಲಿ ಅವನು ಫೋರ್‌ಮನ್. ಬಸ್ಸಿನಲ್ಲಿ ಏನಾದರೂ ಹೊಸ ಸದ್ದು ಕೇಳಿಸಿದರೆ ಡ್ರೈವರುಗಳು ಸಂಪಾಜೆ ಘಾಟಿ ಇಳಿದು ಮುಗಿಯುವವರೆಗೂ ಬಾಯಿ ಬಿಡುತ್ತಿರಲಿಲ್ಲ. ಗಜಾನನನ ಕಿವಿಗೆ ಬಿದ್ದರೆ ಅದು ತಮ್ಮದೇ ತಪ್ಪೆಂದು ನಾಲ್ಕು ಜನರೆದುರು ಸಾಬೀತಾಗುವುದು ಅವರಿಗೆ ಗೊತ್ತಿತ್ತು.

ಅಪ್ಪ ದೇವಸ್ಥಾನದ ಅರ್ಚಕ, ಅಣ್ಣ ಶಾಲೆ ಮೇಷ್ಟ್ರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಇಪ್ಪತ್ತು ತುಂಬುವ ಮೊದಲೇ, ಗಜಾನನ ಮನೆ ಬಿಟ್ಟು ಏರ್‌ಫೋರ್ಸ್ ಸೇರಿದ. ವಿಮಾನದ ಎಂಜಿನ್ ಬಿಚ್ಚಿ ಕಟ್ಟುವ ಫಿಟ್ಟರ್ ಆಗಿ ನಾಲ್ಕು ವರ್ಷ ದುಡಿದು, ಅಸ್ಸಾಮಿನವರೆಗೂ ಹೋಗಿ ಬಂದ. ಊರಿನಲ್ಲಿ ಅವನಿಗೆ ಏರ್‌ಫೋರ್ಸ್ ಗಜಾನನ ಎಂದೇ ಹೆಸರಾಯಿತು. ಆದರೆ ಆ ಹೆಸರಿಗೆ ತಕ್ಕ ಕೆಲಸ ಮಾತ್ರ ಊರಿಗೆ ಮರಳಿದ ಎಂಟು ವರ್ಷದಲ್ಲಿ ಒಮ್ಮೆಯೂ ಸಿಗಲಿಲ್ಲ. ಹಾಗಾಗಿ ಐವತ್ತನಾಲ್ಕರ ಫೆಬ್ರವರಿ ಕೊನೆಯಲ್ಲಿ ಚೆಟ್ಟಳ್ಳಿ ಕಡೆಯ ಕಾಫಿ ಪ್ಲಾಂಟರ್ ಬೆಳ್ಳಿಯಪ್ಪನಿಂದ ಕಾಗದ ಬಂದಾಗ, ಅವನು ಮೊದಲು ಅದನ್ನು ಇಡೀ ಗ್ಯಾರೇಜಿಗೆ ಕೇಳುವಂತೆ ಓದಿದ. ತಾನು ಮನೆಯಲ್ಲೇ ಒಂದು ವಿಮಾನ ಕಟ್ಟಿರುವುದಾಗಿಯೂ, ಅದರ ಎಂಜಿನ್ ಸೋರುತ್ತಿರುವುದಾಗಿಯೂ, ತಾವು ಬಂದು ನೋಡಿದರೆ ಉಪಕಾರವಾಗುತ್ತದೆಂದೂ ಬೆಳ್ಳಿಯಪ್ಪ ಬರೆದಿದ್ದ. ಗಜಾನನ ಓದಿ ಮುಗಿಸಿ ಗಹಗಹಿಸಿ ನಕ್ಕ. ಅದೇ ಮಧ್ಯಾಹ್ನ ಹದಿನೈದು ದಿನ ರಜೆಗೆ ಅರ್ಜಿ ಹಾಕಿದ.

ಬೆಳ್ಳಿಯಪ್ಪ ಸೈನ್ಯದಲ್ಲಿ ಸರಬರಾಜಿನ ಕೆಲಸ ನೋಡಿಕೊಂಡಿದ್ದು ಮೇಜರ್ ಆಗಿ ನಿವೃತ್ತನಾದವನು. ಐವತ್ತು ದಾಟಿತ್ತು, ಮೆಲುದನಿಯ ಮನುಷ್ಯ. ಬೆಂಗಳೂರಿನಲ್ಲಿ ಹಾರಲು ಕಲಿತು ಲೈಸೆನ್ಸ್ ಪಡೆದಿದ್ದ. ಇಂಗ್ಲೆಂಡಿನಿಂದ ಟಪಾಲಿನಲ್ಲಿ ನಕ್ಷೆ ತರಿಸಿ, ಮಿಲಿಟರಿ ಹರಾಜಿನಲ್ಲಿ ಎಂಜಿನ್ ಹಿಡಿದು, ಎರಡು ವರ್ಷದಿಂದ ಕಾಫಿ ಗೋಡೌನಿನಲ್ಲಿ ಈ ಎರಡು ಸೀಟಿನ ವಿಮಾನ ಕಟ್ಟುತ್ತಿದ್ದ. ಮರದ ಕೆಲಸವೆಲ್ಲ ಎಸ್ಟೇಟಿನ ಬಡಗಿ ಸಿದ್ದರಾಜುವಿನದು. ಅವನದು ಅಜ್ಜನ ಕಾಲಕ್ಕೆ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಬೇಸಾಯಕ್ಕೆ ನಿಂತ ಮನೆತನ. ರೆಕ್ಕೆಗೆ ಹೊದಿಸಿದ ಬಟ್ಟೆಯನ್ನು ಹೊಲಿದವಳು ಅವನ ಅಕ್ಕ ನಿಂಗಮ್ಮ; ಗಂಡ ತೀರಿಕೊಂಡ ಮೇಲೆ ತಮ್ಮನ ಜೊತೆ ಎಸ್ಟೇಟಿನ ಕೆಲಸಗಾರರ ಲೈನ್ ಮನೆಯಲ್ಲೇ ಇದ್ದಳು.

ಗೋಡೌನಿನ ಬಾಗಿಲಲ್ಲಿ ನಿಂತು ಗಜಾನನ ವಿಮಾನವನ್ನು ಮೇಲಿಂದ ಕೆಳಗೆ ನೋಡಿದ. ನಗಬೇಕೆಂದೇ ಬಂದಿದ್ದ. ಆದರೆ ರೆಕ್ಕೆಯ ಪಕ್ಕೆಲುಬುಗಳು ಅಳೆದಿಟ್ಟ ಹಾಗಿದ್ದವು. ಬಟ್ಟೆಯ ಹೊಲಿಗೆ ಬೆರಳಿಗೆ ಸಿಗದಷ್ಟು ಸಣ್ಣಗಿತ್ತು. ತಪ್ಪು ಹುಡುಕಲು ಅವನು ಎರಡು ಸುತ್ತು ಹಾಕಿದ. ಸಿಗಲಿಲ್ಲ. ಅದರಿಂದ ಅವನಿಗೆ ಮೊದಲ ದಿನವೇ ಸಿಟ್ಟು ಬಂತು.

ವಿಷಯ ಏನೆಂದು ಬೆಳ್ಳಿಯಪ್ಪ ವಿವರಿಸಿದ. ಹಾರಾಟಕ್ಕೆ ಅನುಮತಿ ಕೇಳಿದ ಅವನ ಅರ್ಜಿ ಮೇಜಿನಿಂದ ಮೇಜಿಗೆ ತಿರುಗಿತ್ತು. ಒಬ್ಬ ಗುಮಾಸ್ತ ವಾಹನದ ರಸ್ತೆ ತೆರಿಗೆ ಕಟ್ಟಿದ್ದಾರೆಯೇ ಎಂದು ಕೇಳಿ ಬರೆದಿದ್ದ. ಕಡೆಗೆ ಮದರಾಸಿನಿಂದ ವಿಮಾನಗಳ ಇನ್ಸ್‌ಪೆಕ್ಟರ್ ಒಬ್ಬರು ಬಂದರು. ಮರ, ಬಟ್ಟೆ, ತಂತಿ ಎಲ್ಲ ನೋಡಿ ತಲೆಯಾಡಿಸಿದರು. ಆಮೇಲೆ ಹತ್ತು ನಿಮಿಷ ಎಂಜಿನ್ ಓಡಿಸಿ, ವಿಮಾನದ ಹೊಟ್ಟೆಯ ಕೆಳಗೆ ಬೆರಳಾಡಿಸಿ, ಕರಿ ಎಣ್ಣೆಯನ್ನು ಕರವಸ್ತ್ರಕ್ಕೆ ಒರೆಸಿಕೊಂಡು, ಮಾರ್ಚ್ ಹನ್ನೆರಡಕ್ಕೆ ಮತ್ತೆ ಬರುತ್ತೇನೆ, ಅಷ್ಟರಲ್ಲಿ ಇದು ಒಣಗಿರಲಿ ಎಂದು ಹೇಳಿ ಹೋದರು. ಎಂಜಿನ್ ಬಿಸಿಯಾದಾಗ ಎಣ್ಣೆ ಬೆಂಕಿಗೆ ಆಹಾರ. ಪೆಟ್ರೋಲಿನ ಮಾತಂತೂ ಹೇಳುವುದೇ ಬೇಡ.

ಎಲ್ಲಿ ಸೋರುತ್ತಿದೆ ಎಂದು ಗಜಾನನ ಕೇಳಿದ. ಬೆಳ್ಳಿಯಪ್ಪ ಹೊಟ್ಟೆಯ ಹಿಂಭಾಗ ತೋರಿಸಿದ.

"ಅದು ಒದ್ದೆ ಆಗಿರೋ ಜಾಗ," ಎಂದ ಗಜಾನನ. "ನಾನು ಕೇಳಿದ್ದು ಸೋರೋ ಜಾಗ. ಮುಂದೆ ಫ್ಯಾನ್ ತಿರುಗ್ತದೆ, ಗಾಳಿ ಎಣ್ಣೆಯನ್ನ ಹಿಂದಕ್ಕೆ ಬಳೀತದೆ. ಇಷ್ಟು ಗೊತ್ತಿಲ್ಲದೆ ಎರಡು ವರ್ಷ ಏನು ಮಾಡಿದ್ರಿ ಮೇಜರ್ ಸಾಹೇಬ್ರೆ?"

ಬೆಳ್ಳಿಯಪ್ಪ ಬೇಸರಿಸಲಿಲ್ಲ. ಜೇಬಿನಿಂದ ಒಂದು ನೋಟ್‌ಬುಕ್ ತೆಗೆದು, ಹೇಳಿದ್ದನ್ನು ಬರೆದುಕೊಂಡ. ಅದನ್ನು ಕಂಡು ಗಜಾನನನಿಗೆ ಇನ್ನಷ್ಟು ತಾತ್ಸಾರವಾಯಿತು. ಬರೆದುಕೊಳ್ಳುವವರು ಕಲಿಯುವುದಿಲ್ಲ ಎಂಬುದು ಅವನ ಅನುಭವ.

ಕೆಲಸ ಮಾತ್ರ ಅವನಿಗೆ ಬರುತ್ತಿತ್ತು. ಎಂಜಿನ್ನಿನ ಮೇಲಿನ ತಗಡಿನ ಹೊದಿಕೆ ತೆಗೆಸಿ, ಇಡೀ ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ ಒಣಗಿಸಿ, ಮೇಲೆ ಸೀಮೆಸುಣ್ಣದ ಪುಡಿಯನ್ನು ಮಂಜು ಬಿದ್ದ ಹಾಗೆ ಉದುರಿಸಿದ. ಐದು ನಿಮಿಷ ಓಡಿಸಿ ನಿಲ್ಲಿಸಿದ. ಬಿಳಿ ಪುಡಿಯ ಮೇಲೆ ಸೋರಿಕೆಗಳು ತಾವಾಗಿಯೇ ಗೆರೆ ಎಳೆದು ತೋರಿಸಿದವು. ಪೆಟ್ರೋಲ್ ಕಾರ್ಬ್ಯುರೇಟರಿಗೆ ಬರುವ ಪೈಪಿನ ಬಾಯಲ್ಲಿ ಒಂದು. ಪೈಪು ಮತ್ತು ಟ್ಯಾಂಕಿನ ನಡುವಿನ ರಬ್ಬರಿನಲ್ಲಿ ಇನ್ನೊಂದು. ಆ ಎಂಜಿನ್ ತಲೆಕೆಳಗಾಗಿ ಕೂರುವ ಜಾತಿಯದು, ವಾಲ್ವುಗಳ ಮುಚ್ಚಳಗಳು ಕೆಳಗಿರುತ್ತವೆ. ಅವುಗಳಲ್ಲಿ ಒಂದರ ಅಂಚಿನಲ್ಲಿ ಮಾತ್ರ ಸ್ವಲ್ಪ ಎಣ್ಣೆ. ಅಷ್ಟೇ.

ಒಂದೊಂದನ್ನೂ ಬಿಚ್ಚುತ್ತ ಗಜಾನನ ಒಂದೊಂದಕ್ಕೂ ಮಾತನಾಡಿದ. ಪೈಪಿನ ತಿರುಪಿಗೆ ದಾರ ಸುತ್ತಿ ಬಾರ್ ಸೋಪು ಮೆತ್ತಿದ್ದರು. ಇದು ಬಚ್ಚಲುಮನೆಯ ನಲ್ಲಿಯೋ ಎಂದು ಕೇಳಿದ. ಎಂಜಿನ್ ಅಲುಗುತ್ತದೆ, ಹಿಂದಿನ ತಗಡು ಅಲುಗುವುದಿಲ್ಲ. ನಡುವಿನ ತಾಮ್ರದ ಪೈಪಿಗೆ ಒಂದು ಸುರುಳಿ ಕೊಡದೆ ನೆಟ್ಟಗೆ ಬಿಗಿದರೆ ಅದು ಕೂದಲೆಳೆಯ ಹಾಗೆ ಸೀಳದೆ ಇನ್ನೇನಾಗುತ್ತದೆ ಎಂದ. ರಬ್ಬರನ್ನು ಹಿಚುಕಿದಾಗ ಅದು ಬೆರಳಿಗೆ ಅಂಟಿತು.

"ಇದು ಕಾಫಿ ಗಿಡಕ್ಕೆ ಔಷಧಿ ಹೊಡೆಯೋ ಪೈಪು," ಎಂದ. "ಪೆಟ್ರೋಲಿಗೆ ಕರಗ್ತಾ ಇದೆ. ಇದನ್ನ ನಂಬಿಕೊಂಡು ಮೇಲೆ ಹೋಗಿದ್ರೆ ನಿಮ್ಮನ್ನ ಪೊರಕೇಲಿ ಗುಡಿಸಿ ತರಬೇಕಾಗ್ತಿತ್ತು."

ಬೆಳ್ಳಿಯಪ್ಪ ಅದನ್ನೂ ಬರೆದುಕೊಂಡ. ಗುಡಿಸುವ ಭಾಗವನ್ನು ಬರೆದನೋ ಇಲ್ಲವೋ ತಿಳಿಯಲಿಲ್ಲ.

ದಿನದ ಕೊನೆಗೆ ಗಜಾನನನ ಕಣ್ಣು ಉಸಿರು ಕೊಳವೆಯ ಮೇಲೆ ಬಿತ್ತು. ಎಂಜಿನ್ನಿನ ಒಳಗೆ ಪಿಸ್ಟನ್ನುಗಳ ಪಕ್ಕದಿಂದ ನುಸುಳಿದ ಹೊಗೆ ಹೊರಗೆ ಹೋಗಲು ಒಂದು ದಾರಿ ಬೇಕು. ಆ ಕೊಳವೆ ಇರುವುದು ಅದಕ್ಕೆ. ಬೆಳ್ಳಿಯಪ್ಪ ನಕ್ಷೆಯಲ್ಲಿದ್ದ ಹಾಗೆಯೇ ಅದನ್ನು ನೆಟ್ಟಗೆ ಕೆಳಗಿಳಿಸಿ, ಹೊಟ್ಟೆಯ ಕೆಳಗೆ ಒಂದು ಗೇಣು ಇಳಿಬಿಟ್ಟಿದ್ದ. ಇದೇನು ಎಮ್ಮೆ ಬಾಲ ಎಂದು ಗಜಾನನ ಅದನ್ನು ಕಿತ್ತು ಬದಿಗಿಟ್ಟ. ತನ್ನ ಚೀಲದಲ್ಲಿದ್ದ ಬಸ್ ರೇಡಿಯೇಟರಿನ ಹೊಸ ರಬ್ಬರ್ ಹೋಸಿನ ತುಂಡನ್ನು ಬಾಗಿಸಿ ಜೋಡಿಸಿ, ಹೊದಿಕೆಯ ಒಳಗೇ ಅಂದವಾಗಿ ತಿರುಗಿಸಿ ಹಿಂದಕ್ಕೆ ಒಯ್ದ. ನಕ್ಷೆಯಲ್ಲಿ ಹಾಗಿಲ್ಲವಲ್ಲ ಎಂದು ಬೆಳ್ಳಿಯಪ್ಪ ಮೆಲ್ಲಗೆ ಹೇಳಿದ್ದಕ್ಕೆ, ನಕ್ಷೆ ಬರೆಯುವುದು ತಲೆ ಇಲ್ಲದವರಿಗಾಗಿ ಎಂದು ಉತ್ತರ ಕೊಟ್ಟ. ಬೆಳ್ಳಿಯಪ್ಪ ಹಳೆಯ ಕೊಳವೆಯನ್ನು ಒರೆಸಿ, ಕಾಗದ ಸುತ್ತಿ, ಕಪಾಟಿನಲ್ಲಿಟ್ಟ.

ಮೂರನೆಯ ದಿನಕ್ಕೆ ಪೆಟ್ರೋಲಿನ ಸೋರಿಕೆ ಪೂರ್ತಿ ನಿಂತಿತು. ಬೆಳ್ಳಿಯಪ್ಪ ಕೈ ಕುಲುಕಿ ಅಭಿನಂದಿಸಿದ. ಗಜಾನನ ಆ ರಾತ್ರಿಯ ಊಟಕ್ಕೆ ಬಂಗಲೆಯಲ್ಲಿ ಕೂತು, ಅಸ್ಸಾಮಿನಲ್ಲಿ ತಾನು ಕೈಯಿಟ್ಟ ಎಂಜಿನ್ನುಗಳ ಕಥೆ ಹೇಳಿದ. ಇನ್ನೆರಡು ದಿನದಲ್ಲಿ ಹೊರಡುವ ಯೋಚನೆಯಿತ್ತು.

ಐದನೆಯ ದಿನ ಅರ್ಧ ಗಂಟೆ ಎಂಜಿನ್ ಓಡಿಸಿದರು. ನಿಲ್ಲಿಸಿ ನೋಡಿದರೆ ಒಂದೇ ಮುಚ್ಚಳದಲ್ಲಿದ್ದ ಎಣ್ಣೆ ಈಗ ಎರಡರಲ್ಲಿತ್ತು. ಮರುದಿನ ನಾಲ್ಕರಲ್ಲಿ. ಮುಂದಿನ ಫ್ಯಾನಿನ ಬುಡದಿಂದಲೂ ಒಸರಿ, ಗಾಳಿಗೆ ಹಾರಿ, ಎದುರಿನ ಗಾಜಿನ ಮೇಲೆ ಸಣ್ಣ ಸಣ್ಣ ಚುಕ್ಕೆಯಾಗಿ ಕೂತಿತ್ತು. ಮುಚ್ಚಳದ ಸಂದು ಮುಚ್ಚುವ ಹಳೆಯ ಬಿರಡೆ, ಅಂದರೆ ಕಾರ್ಕಿನ, ಗ್ಯಾಸ್ಕೆಟ್ಟುಗಳನ್ನು ಹಿಂದೆ ಯಾರೋ ಒತ್ತಿ ಒತ್ತಿ ಸಾಯಿಸಿದ್ದಾರೆ ಎಂದು ಗಜಾನನ ತೀರ್ಪು ಕೊಟ್ಟ. ಮೈಸೂರಿನಿಂದ ಬಿರಡೆ ಹಾಳೆ ತರಿಸಿ, ತಾನೇ ಕತ್ತರಿಸಿ, ಹೊಸದು ಹಾಕಿದ. ಎಣ್ಣೆ ನಿಲ್ಲಲಿಲ್ಲ. ಇನ್ನಷ್ಟು ಬಿಗಿದ. ಎಣ್ಣೆ ಹೆಚ್ಚಾಯಿತು. ಬಿರಡೆಯನ್ನು ಹದ ಮೀರಿ ಬಿಗಿಯಬಾರದೆಂದು ಅವನು ಗ್ಯಾರೇಜಿನಲ್ಲಿ ಎಷ್ಟು ಜನರನ್ನು ಬೈದಿದ್ದನೋ ಲೆಕ್ಕವಿಲ್ಲ. ಆದರೆ ಎಂಜಿನ್ ತನ್ನನ್ನು ಅಣಕಿಸುತ್ತಿದೆ ಎಂದು ಅನ್ನಿಸತೊಡಗಿದ ಮೇಲೆ ಕೈ ಕೇಳಬೇಕಲ್ಲ.

ಎಂಟನೆಯ ದಿನ ಬೆಳಿಗ್ಗೆ, ಅವನು ಅಡಿಯಲ್ಲಿ ಅಂಗಾತ ಮಲಗಿ ಮೂರನೆಯ ಮುಚ್ಚಳದ ನಟ್ಟನ್ನು ಇನ್ನೊಂದು ಕಾಲು ಸುತ್ತು ತಿರುಗಿಸಿದಾಗ ಟಕ್ ಎಂದು ಬೋಲ್ಟು ಮುರಿಯಿತು. ಬೆಳ್ಳಿಯಪ್ಪ ಕಣದಲ್ಲಿ ಕಾಫಿ ಒಣಗಿಸುವುದನ್ನು ನೋಡುತ್ತಿದ್ದ. ಸಿದ್ದರಾಜು ಹೊರಗೆ ಹಲಗೆ ಕೀಸುತ್ತಿದ್ದ. ನಿಂಗಮ್ಮ ಬಾಗಿಲ ಬೆಳಕಿನಲ್ಲಿ ಕೂತು ಚುಕ್ಕಾಣಿಯ ಬಟ್ಟೆಗೆ ತೇಪೆ ಹಾಕುತ್ತಿದ್ದಳು. ಗಜಾನನ ಮುರಿದ ತುಂಡನ್ನು ಅಂಗೈಯಲ್ಲಿ ಮುಚ್ಚಿಕೊಂಡು ಎದ್ದ.

ಬೆಳ್ಳಿಯಪ್ಪ ಬಂದ ಮೇಲೆ ಅದನ್ನು ತೋರಿಸಿ, ಇದು ಮೊದಲೇ ಅರ್ಧ ಸೀಳಿತ್ತು, ಯಾರೋ ಹಿಂದೆ ಬುದ್ಧಿಯಿಲ್ಲದೆ ಬಿಗಿದಿದ್ದಾರೆ, ಮುಟ್ಟಿದ ಕೂಡಲೇ ಕೈಗೆ ಬಂತು ಎಂದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಸಿದ್ದರಾಜು ಒಳಗೆ ಬಂದದ್ದನ್ನು ನೋಡಿ ಮುಂದುವರಿಸಿದ.

"ಬಡಗಿ ಕೈಗೆ ಸ್ಪ್ಯಾನರ್ ಕೊಟ್ರೆ ಇನ್ನೇನಾಗ್ತದೆ. ಕಬ್ಬಿಣವನ್ನೂ ಮರದ ಗೂಟ ಅಂತ ತಿಳಿದಿರ್ತಾರೆ."

ಸಿದ್ದರಾಜು ಎಂಜಿನ್ನನ್ನು ಮುಟ್ಟಿದವನೇ ಅಲ್ಲ. ಲಾಟೀನು ಹಿಡಿದು ನಿಂತದ್ದು ಬಿಟ್ಟರೆ ಆ ಕಡೆ ಹೋದವನೂ ಅಲ್ಲ. ಅವನು ಕೀಸುಳಿಯನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆ ಮುಚ್ಚಿ, ಲೈನಿನ ಕಡೆ ಹೋದ. ಮರುದಿನ ಕೆಲಸಕ್ಕೆ ಬರಲಿಲ್ಲ. ಬೆಳ್ಳಿಯಪ್ಪ ಬೋಲ್ಟು ಮುರಿದ ದಿನವೇ ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಅಂಥದೇ ಇನ್ನೊಂದನ್ನು ಮಾಡಿಸಲು ತಾನೇ ಜೀಪಿನಲ್ಲಿ ಮೈಸೂರಿಗೆ ಹೊರಟ.

ಗೋಡೌನಿನಲ್ಲಿ ಉಳಿದವರು ಇಬ್ಬರೇ. ನಿಂಗಮ್ಮ ತಲೆಯೆತ್ತದೆ ಹೇಳಿದಳು: "ನೀವ್ ತಿರುಗ್ಸುವಾಗ ಟಕ್ ಅಂತು ಸಾಮಿ. ನಾನಿಲ್ಲೇ ಕುಂತಿದ್ದೆ."

ಎಂಜಿನ್ನಿನಲ್ಲಿ ಸಾವಿರ ಸದ್ದು ಇರುತ್ತದೆ, ನಿನ್ನ ಸೂಜಿಯ ಕೆಲಸ ನೀನು ನೋಡಿಕೋ ಎಂದ ಗಜಾನನ.

"ಸೂಜೀನೇ ನೋಡ್ಕತಿದ್ದೆ," ಎಂದಳು ಅವಳು. "ಕಿವಿಗೆ ಕೆಲ್ಸ ಇರ್ಲಿಲ್ಲ."

ಅವನು ಜೋರಾಗಿ ಸೀಮೆಎಣ್ಣೆಯ ಡಬ್ಬಿ ಎತ್ತಿಟ್ಟ. ಒಬ್ಬ ಹೆಂಗಸು, ಅದೂ ಲೈನಿನವಳು, ಓದು ಬರಹ ಇಲ್ಲದವಳು. ಅವಳ ಮಾತನ್ನು ಬೆಳ್ಳಿಯಪ್ಪ ನಂಬುತ್ತಾನೆಯೇ? ನಂಬಿದರೂ ತನಗೇನು? ಆದರೂ ಆ ಇಡೀ ದಿನ ಅವಳ ಕಡೆ ಬೆನ್ನು ಹಾಕಿಯೇ ಕೆಲಸ ಮಾಡಿದ.

ಮರುದಿನ ಸಂಜೆ ಹೊಸ ಬೋಲ್ಟು ಬಂತು. ಮಾರ್ಚ್ ಒಂಬತ್ತರಂದು ಅದನ್ನು ಹಾಕಿ ಎಂಜಿನ್ ಓಡಿಸಿದರು. ಎಣ್ಣೆ ಹಿಂದೆಂದಿಗಿಂತ ಹೆಚ್ಚು ಸುರಿಯಿತು. ಕೆಳಗಿಟ್ಟ ತಟ್ಟೆಯಲ್ಲಿ ಅರ್ಧ ಲೋಟ. ಸೀಮೆಸುಣ್ಣದ ಪುಡಿ ಹಾಕಿದರೆ ನಿಮಿಷದಲ್ಲಿ ಎಲ್ಲವೂ ಕೆಸರಾಗಿ, ಎಲ್ಲಿಂದ ಬಂತೆಂದು ತಿಳಿಯುವ ಹಾಗಿರಲಿಲ್ಲ. ಆಗ ನಿಂಗಮ್ಮ ಬೆಳ್ಳಿಯಪ್ಪನಿಗೆ, ರೆಕ್ಕೆ ಹೊಲಿದು ಉಳಿದ ಬಿಳಿ ಬಟ್ಟೆ ಇದೆ, ಚಿಂದಿ ಮಾಡಿ ಕೀಲುಕೀಲಿಗೂ ಒಂದೊಂದು ಬಿಗಿಯಾಗಿ ಸುತ್ತಿದರೆ ಯಾವುದು ನೆನೆಯಿತು ಯಾವುದು ಇಲ್ಲ ಎಂದು ಬಿಚ್ಚಿ ನೋಡಬಹುದಲ್ಲ ಎಂದಳು. ಹರಕೆ ಕಟ್ಟಲು ಇದು ಮರವಲ್ಲ ಎಂದ ಗಜಾನನ. ಬೆಳ್ಳಿಯಪ್ಪ ಅವನ ಮಾತು ಕೇಳಿಸದವನ ಹಾಗೆ ಮೊಣಕಾಲೂರಿ ಕೂತು, ಅವಳು ಹರಿದುಕೊಟ್ಟ ಹದಿನಾಲ್ಕು ಚಿಂದಿಗಳನ್ನು ಒಂದೊಂದಾಗಿ ಕಟ್ಟಿದ. ಹತ್ತು ನಿಮಿಷ ಓಡಿಸಿ, ಬಿಚ್ಚಿ, ಯಾವುದು ಎಲ್ಲಿಯದೆಂದು ಚೀಟಿ ಇಟ್ಟು ಮೇಜಿನ ಮೇಲೆ ಸಾಲಾಗಿ ಹರಡಿದ.

ಪೆಟ್ರೋಲಿನ ಮೂರು ಕೀಲುಗಳ ಚಿಂದಿ ಬೆಳ್ಳಗೆ ಒಣಗಿದ್ದವು. ಎಣ್ಣೆಯ ಹನ್ನೊಂದೂ ತೊಯ್ದಿದ್ದವು.

ಗಜಾನನ ಆ ಸಾಲನ್ನು ನೋಡಿದ. ಅವನು ಅಹಂಕಾರಿ, ಆದರೆ ದಡ್ಡನಲ್ಲ. ಒಂದು ಗ್ಯಾಸ್ಕೆಟ್ ಕೆಡಬಹುದು, ಎರಡು ಕೆಡಬಹುದು. ಹನ್ನೊಂದು ಕೀಲುಗಳು ಒಂದೇ ವಾರದಲ್ಲಿ ಮಾತಾಡಿಕೊಂಡು ಕೆಡುವುದಿಲ್ಲ. ಎಲ್ಲ ಕಡೆಯಿಂದಲೂ ಎಣ್ಣೆ ಹೊರಬರುತ್ತಿದೆಯೆಂದರೆ ಒಳಗಿನಿಂದ ಏನೋ ಅದನ್ನು ನೂಕುತ್ತಿದೆ. ಒಳಗಿನ ಹೊಗೆಗೆ ಹೋಗಲು ದಾರಿ ಇಲ್ಲ. ಆ ದಾರಿಯನ್ನು ಬದಲಿಸಿದವನು ಯಾರು ಎಂದು ಯೋಚಿಸುವ ಅಗತ್ಯವಿರಲಿಲ್ಲ. 

ಸ್ವಲ್ಪ ಯೋಚಿಸಬೇಕು, ನೀವು ಊಟ ಮುಗಿಸಿ ಬನ್ನಿ ಎಂದು ಇಬ್ಬರನ್ನೂ ಕಳಿಸಿದ. ಅವರ ಹೆಜ್ಜೆ ಸದ್ದು ಕಣ ದಾಟಿದ ಮೇಲೆ ಹೋಸನ್ನು ಕಿತ್ತ. ಹೊರಗಿನಿಂದ ಅದು ಅಂಗಡಿಯಿಂದ ಆಗ ತಂದ ಹಾಗಿತ್ತು. ಒಂದು ತುದಿಯನ್ನು ಕಣ್ಣಿಗೆ ಹಿಡಿದು ಬಾಗಿಲ ಬೆಳಕಿಗೆ ತಿರುಗಿದ. ಬೆಳಕು ಕಾಣಲಿಲ್ಲ. ಬಿಸಿನೀರಿಗೆಂದು ಮಾಡಿದ ರಬ್ಬರು ಬಿಸಿ ಎಣ್ಣೆಯ ಹಬೆಗೆ ಒಳಗೊಳಗೇ ಊದಿ, ಪದರ ಬಿಟ್ಟು, ನಾಲಗೆಯ ಹಾಗೆ ಮಡಚಿ ದಾರಿ ಮುಚ್ಚಿತ್ತು. ತಾನು ಬಂದ ಮೊದಲ ದಿನ ಒಂದು ಮುಚ್ಚಳದ ಅಂಚಿನಲ್ಲಿ ಎರಡು ಹನಿ ಎಣ್ಣೆ ಇದ್ದ ಎಂಜಿನ್ ಅದು. ಉಳಿದದ್ದೆಲ್ಲ ತನ್ನದೇ ಸಂಪಾದನೆ.

ಆಗ ಅವನು ಅವರನ್ನು ಕೂಗಿ ಕರೆದು ಹೋಸು ತೋರಿಸಬಹುದಿತ್ತು. ಯಾವ ಮೆಕ್ಯಾನಿಕ್ಕಿಗೂ ಆಗುವಂಥ ತಪ್ಪು. ಆದರೆ ಹತ್ತು ದಿನದಿಂದ ಆಡಿದ ಒಂದೊಂದು ಮಾತೂ ಅವನ ನೆನಪಿಗೆ ಬಂತು. ಅವನು ಹೋಸನ್ನು ಚೀಲದ ತಳಕ್ಕೆ ತುರುಕಿದ. ಕಪಾಟಿನಿಂದ ಬೆಳ್ಳಿಯಪ್ಪನ ಹಳೆಯ ಕೊಳವೆ ತೆಗೆದು ಮೊದಲಿದ್ದ ಜಾಗಕ್ಕೆ ಹಾಕಿದ. ಮುಚ್ಚಳಗಳನ್ನು ಹದಕ್ಕೆ ಸಡಿಲಿಸಿ, ಎಂಜಿನ್ ಒರೆಸಿ, ಅವರು ಬರುವಷ್ಟರಲ್ಲಿ ಕೈ ತೊಳೆದುಕೊಂಡು ನಿಂತ. ಇಪ್ಪತ್ತು ನಿಮಿಷ ಓಡಿಸಿದರು. ಒಂದು ಮುಚ್ಚಳದಲ್ಲಿ ತೇವ, ಬೇರೆಲ್ಲೂ ಹನಿಯಿಲ್ಲ. ಹೊಸ ಬಿರಡೆ ಈಗ ಕೂತಿದೆ, ಬಿರಡೆಗೆ ಎರಡು ಮೂರು ಸಲ ಬಿಸಿ ತಾಗಬೇಕು ಎಂದ ಗಜಾನನ.

ಬೆಳ್ಳಿಯಪ್ಪ ಬಗ್ಗಿ ಹೊಟ್ಟೆಯ ಕೆಳಗೆ ನೋಡಿದ. ಅಲ್ಲಿ ಅವನ ಕೊಳವೆ ಒಂದು ಗೇಣು ಜೋತುಬಿದ್ದಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿ, ಎದ್ದು, ನೋಟ್‌ಬುಕ್ಕಿನಲ್ಲಿ ಏನೋ ಬರೆದ. ಒಂದು ಮಾತೂ ಕೇಳಲಿಲ್ಲ. ಗಜಾನನನಿಗೆ ಆ ಗಳಿಗೆಯಲ್ಲಿ ಅವನ ಮೇಲೆ ಬಂದಷ್ಟು ತಿರಸ್ಕಾರ ಹಿಂದೆಂದೂ ಬಂದಿರಲಿಲ್ಲ. ಕಣ್ಣೆದುರಿಗಿದ್ದದ್ದನ್ನೂ ಕಾಣದ ಮನುಷ್ಯ. ಇಂಥವನು ವಿಮಾನ ಹಾರಿಸುತ್ತಾನಂತೆ.

ಹನ್ನೆರಡರಂದು ಇನ್ಸ್‌ಪೆಕ್ಟರ್ ಬಂದರು. ತೆಳ್ಳಗಿನ ತಮಿಳರು, ಬಿಸಿಲಿಗೆ ಕೊಡೆ ಹಿಡಿದಿದ್ದರು. ಅರ್ಧ ಗಂಟೆ ಎಂಜಿನ್ ಓಡಿಸಿ, ತಾವೇ ಕೆಳಗೆ ತೂರಿ, ಟಾರ್ಚ್ ಹಾಕಿ ನೋಡಿ, ಸಮಾಧಾನದಿಂದ ಎದ್ದರು. ಸಿದ್ದರಾಜುವನ್ನೂ ನಿಂಗಮ್ಮನನ್ನೂ ಬೆಳ್ಳಿಯಪ್ಪ ಕರೆಸಿದ್ದ. ಅವರು ರೆಕ್ಕೆಯ ಪಕ್ಕ ನಿಂತಿದ್ದರು. ಇನ್ಸ್‌ಪೆಕ್ಟರ್ ಒಂದು ಫಾರಂ ತೆಗೆದರು. ದೋಷ ಏನು, ಕಾರಣ ಏನು, ಸರಿಪಡಿಸಿದ್ದು ಹೇಗೆ ಎಂದು ತುಂಬಿ, ಕೆಲಸ ಮಾಡಿದವನು ಸಹಿ ಹಾಕಬೇಕು. ಕಾರಣ ಏನು ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು. ಹಳೆಯ ಗ್ಯಾಸ್ಕೆಟ್, ತಪ್ಪಾಗಿ ಬಿಗಿದದ್ದು ಎಂದು ಗಜಾನನ ಸಿದ್ಧ ಮಾಡಿಕೊಂಡಿದ್ದ ಉತ್ತರ ಕೊಟ್ಟ.

ಆಗ ಬೆಳ್ಳಿಯಪ್ಪ ತನ್ನ ನೋಟ್‌ಬುಕ್ಕನ್ನು ಇನ್ಸ್‌ಪೆಕ್ಟರರ ಕೈಗೆ ಕೊಟ್ಟ. ಅದರಲ್ಲಿ ದಿನದಿನವೂ ಎಷ್ಟು ನಿಮಿಷ ಓಡಿತು, ತಟ್ಟೆಯಲ್ಲಿ ಎಷ್ಟು ಎಣ್ಣೆ ಬಿತ್ತು, ಏನು ಬದಲಾಯಿಸಲಾಯಿತು ಎಂದಿತ್ತು. ಮೊದಲ ದಿನ ಎರಡು ಹನಿ. ಅದೇ ದಿನ ಉಸಿರು ಕೊಳವೆಗೆ ರಬ್ಬರ್ ಹೋಸು. ಐದನೆಯ ದಿನದಿಂದ ಏರುತ್ತ ಏರುತ್ತ ಅರ್ಧ ಲೋಟ. ಒಂಬತ್ತರ ಮಧ್ಯಾಹ್ನ, ಊಟದ ನಂತರ, ಹಳೆಯ ಕೊಳವೆ ಮತ್ತೆ ಸ್ವಸ್ಥಾನದಲ್ಲಿ, ಎಣ್ಣೆ ಇಲ್ಲ. ಇನ್ಸ್‌ಪೆಕ್ಟರ್ ಓದಿದರು. ಬೆರಳನ್ನು ಆ ಸಾಲಿನ ಮೇಲಿಟ್ಟು, ನೀವು ಹೇಳಿದ್ದನ್ನೇ ಬರೆಯುತ್ತೇನೆ, ಆದರೆ ಸಹಿಯ ಮೇಲೆ ಇದು ಸತ್ಯ ಎಂಬ ಒಂದು ಸಾಲು ಅಚ್ಚಾಗಿದೆ, ಅದನ್ನು ಒಮ್ಮೆ ನೋಡಿಕೊಳ್ಳಿ ಎಂದು ತಣ್ಣಗೆ ಹೇಳಿದರು.

ಗಜಾನನ ಆ ಸಾಲನ್ನು ನೋಡಿದ. ಕೊನೆಗೆ ನಿಜ ಹೇಳಿದ. ಇಂಗ್ಲಿಷಿನಲ್ಲಿ, ಬೇಗ ಬೇಗ, ತಗ್ಗಿದ ದನಿಯಲ್ಲಿ ಹೇಳಿದ. ರೆಕ್ಕೆಯ ಪಕ್ಕ ನಿಂತ ಇಬ್ಬರಿಗೆ ಅರ್ಥವಾಗುವುದಿಲ್ಲವಲ್ಲ ಎಂಬುದೊಂದೇ ಅವನ ಸಮಾಧಾನ. ಹೋಸು ತನ್ನದು. ಅದು ಒಳಗೆ ಮುಚ್ಚಿಕೊಂಡಿತು. ಬೋಲ್ಟು ಮುರಿದದ್ದೂ ತಾನೇ. ಇನ್ಸ್‌ಪೆಕ್ಟರ್ ಬರೆದುಕೊಂಡರು.

ಬೆಳ್ಳಿಯಪ್ಪ ಸಿದ್ದರಾಜುವಿನ ಕಡೆ ತಿರುಗಿದ. ಕೋರ್ಟಿನ ದುಭಾಷಿಯ ಹಾಗೆ, ಒಂದು ಪದ ಕೂಡಿಸದೆ, ಒಂದು ಪದ ಬಿಡದೆ, ಕನ್ನಡದಲ್ಲಿ ಹೇಳಿದ:

"ಹೋಸು ನನ್ನದು ಅಂತಾರೆ. ಅದು ಒಳಗೆ ಮುಚ್ಚಿಕೊಂಡಿತು ಅಂತಾರೆ. ಬೋಲ್ಟು ಮುರಿದದ್ದು ನಾನೇ ಅಂತಾರೆ."

ಸಿದ್ದರಾಜು ತಲೆಯಾಡಿಸಿದ. "ಗೊತ್ತಿತ್ತು ಬುಡಿ," ಎಂದ ಗಜಾನನನಿಗೆ. "ಅಕ್ಕ ಅವತ್ತೇ ಬಂದು ಯೋಳಿದ್ಲು. ನಾನ್ ಕೇಳ್ಬುಡ್ತೀನಿ ಅಂದೆ. ಸಾಹೇಬ್ರೇ ತಡದ್ರು. ಅವರ ಬಾಯಿಂದ್ಲೇ ಬರೋಗಂಟ ಇರು ಅಂದ್ರು."

ಅಷ್ಟು ಹೇಳಿ ಅವನು ರೆಕ್ಕೆಯ ಮೇಲಿನ ಧೂಳು ಒರೆಸಲು ಹೋದ. ಸಿಟ್ಟಿನ ಒಂದು ಮಾತು ಬಂದಿದ್ದರೆ ಗಜಾನನ ಅದಕ್ಕೆ ನಾಲ್ಕು ಉತ್ತರ ಕೊಡುತ್ತಿದ್ದ. ನಾಲ್ಕು ದಿನ ಈ ಮೂವರೂ ಎಲ್ಲ ತಿಳಿದುಕೊಂಡು, ತಾನು ಬಿರಡೆಯ ಬಗ್ಗೆ ಪಾಠ ಹೇಳುವುದನ್ನು ಕೇಳುತ್ತ ನಿಂತಿದ್ದರು. ತಾನು ಹತ್ತು ವರ್ಷದಿಂದ ಲೋಕವನ್ನೆಲ್ಲ ನೋಡಿದ್ದ ದೃಷ್ಟಿ ಎಂಥದು ಎಂದು ಅವನಿಗೆ ಆಗ ಮೊದಲ ಸಲ ತಾಗಿತು. ಅದು ಹಿತವಾಗಿರಲಿಲ್ಲ.

ಇನ್ಸ್‌ಪೆಕ್ಟರ್ ಪರೀಕ್ಷೆಯ ಹಾರಾಟಕ್ಕೆ ಒಪ್ಪಿಗೆ ಕೊಟ್ಟರು: ಎರಡು ಸುತ್ತು ಒಬ್ಬನೇ, ಎಲ್ಲ ಸರಿಯಿದ್ದರೆ ಮೂರನೆಯದು ಹಿಂದಿನ ಸೀಟಿನಲ್ಲಿ ಭಾರ ಇಟ್ಟು. ಎಸ್ಟೇಟಿನ ಬುಡದಲ್ಲಿ ಬೆಳ್ಳಿಯಪ್ಪನ ಗದ್ದೆಯಿತ್ತು. ಕೊಯ್ಲಾದ ಮೇಲೆ ಏಳು ಬದು ಕಡಿಸಿ ಮಟ್ಟ ಮಾಡಿಸಿದ್ದ. ಮರುದಿನ ಬೆಳಿಗ್ಗೆ ಮಂಜು ಕರಗಿದ ಕೂಡಲೇ ವಿಮಾನವನ್ನು ಅಲ್ಲಿಗೆ ತಳ್ಳಿಕೊಂಡು ಹೋದರು. ಕಾಫಿ ಹಣ್ಣಿನ ಪಿಕಿಂಗ್ ಬಿಟ್ಟು ಬಂದ ಜನ ದಿಬ್ಬದ ಮೇಲೆ ಸಾಲಾಗಿ ಕೂತರು. ಬೆಳ್ಳಿಯಪ್ಪ ಏರಿ, ಒಂದು ಸುತ್ತು ಹಾಕಿ ಇಳಿದ; ಮತ್ತೆ ಏರಿ ಇನ್ನೊಂದು ಸುತ್ತು ಹಾಕಿದ. ಎರಡನೆಯ ಸಲ ಇಳಿಯುವಾಗ ವಿಮಾನ ಸ್ವಲ್ಪ ಕುಪ್ಪಳಿಸಿತು. ಅಷ್ಟೇ. ಇನ್ಸ್‌ಪೆಕ್ಟರ್ ಹೊಟ್ಟೆಯ ಕೆಳಗೆ ನೋಡಿ ಕೈ ಎತ್ತಿದರು.

ಹಿಂದಿನ ಸೀಟಿಗೆ ಮರಳಿನ ಮೂಟೆ ತಂದಿಟ್ಟಿದ್ದರು. ಬೆಳ್ಳಿಯಪ್ಪ ಅದನ್ನು ಎತ್ತುವುದು ಬೇಡವೆಂದು ಸನ್ನೆ ಮಾಡಿ ಗಜಾನನನ ಹತ್ತಿರ ಬಂದ.

"ಏರ್‌ಫೋರ್ಸಲ್ಲಿ ಒಂದು ಪದ್ಧತಿ ಉಂಟಲ್ಲ, ಎಂಜಿನ್ ಕಟ್ಟಿದವನೇ ಮೊದಲು ಜೊತೇಲಿ ಹತ್ತಬೇಕು ಅಂತ. ಬನ್ನಿ."

ಪದ್ಧತಿ ಇತ್ತು. ಅದು ಗಜಾನನನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ನಾಲ್ಕು ವರ್ಷ ಅವನು ಅದರಿಂದ ತಪ್ಪಿಸಿಕೊಂಡಿದ್ದ. ಒಮ್ಮೆ ಹೊಟ್ಟೆನೋವು, ಒಮ್ಮೆ ಜ್ವರ, ಒಮ್ಮೆ ಗೆಳೆಯನ ಪಹರೆ ತಾನು ವಹಿಸಿಕೊಂಡು ಅವನನ್ನು ಹತ್ತಿಸಿದ್ದು. ಆ ಗೆಳೆಯ ಹತ್ತಿದ ವಿಮಾನ ಬೆಟ್ಟದಾಚೆ ಹೋದದ್ದು ಹಿಂದೆ ಬರಲಿಲ್ಲ. ಅದರ ಎಂಜಿನ್ ಕಟ್ಟಿದವನು ಗಜಾನನ. ಎಂಜಿನ್ನಿನಿಂದಲೇ ಬಿದ್ದಿತೋ, ಮೋಡಕ್ಕೆ ಸಿಕ್ಕಿ ಬಿದ್ದಿತೋ, ಯಾರೂ ಹೇಳಲಿಲ್ಲ. ಅವನಾಗಿಯೂ ಕೇಳಲಿಲ್ಲ. ಇಡೀ ಮಡಿಕೇರಿಗೆ ಏರ್‌ಫೋರ್ಸ್ ಗಜಾನನನಾದವನ ಕಾಲು ಒಮ್ಮೆಯೂ ನೆಲ ಬಿಟ್ಟಿರಲಿಲ್ಲ.

ಗದ್ದೆ ಚಿಕ್ಕದಾಯಿತು ಎಂದ ಅವನು. ಗಾಳಿ ಹಿಂದಿನಿಂದ ತಿರುಗುತ್ತಿದೆ, ತನ್ನ ತೂಕ ಹೆಚ್ಚು, ಮರಳಿನ ಮೂಟೆಯೇ ಒಳ್ಳೆಯದು. ಹೇಳುತ್ತ ಹೇಳುತ್ತ ದನಿಯಲ್ಲಿ ಹಳೆಯ ವ್ಯಂಗ್ಯ ತರಲು ನೋಡಿದ. ಬರಲಿಲ್ಲ. ಬೆಳ್ಳಿಯಪ್ಪ ಒತ್ತಾಯ ಮಾಡದೆ ತಿರುಗಿದ.

"ನಾನ್ ಕೂತ್ಕತೀನಿ ಸಾಹೇಬ್ರೆ," ಎಂದಳು ನಿಂಗಮ್ಮ. "ರೆಕ್ಕೆ ಒಲಿಗೆ ಬಿಚ್ಚೋದೇ ಆದ್ರೆ ನಾನಿದ್ದಾಗ್ಲೇ ಬಿಚ್ಚಲಿ."

ಸಿದ್ದರಾಜು ಬೇಡವೆಂದ. ಅವಳು ಕೇಳಲಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದು, ಕಟ್ಟಿಗೆ ಹೊರೆ ಹೊತ್ತು ದಿಬ್ಬ ಏರುವವಳ ಸುಲಭದಲ್ಲಿ ಹತ್ತಿ ಕೂತಳು. ವಿಮಾನ ಗದ್ದೆಯುದ್ದಕ್ಕೂ ಓಡಿ, ಕೊನೆಯ ಬದುವಿಗೆ ಹತ್ತು ಮಾರು ಇರುವಾಗ ಎದ್ದು, ಸಿಲ್ವರ್ ಓಕ್ ಮರಗಳ ತಲೆಯ ಮೇಲೆ ಹಾದು ಹೋಯಿತು. ಗಜಾನನ ನೋಡಬಾರದೆಂದುಕೊಂಡರೂ ಕಿವಿ ಅದರ ಹಿಂದೆಯೇ ಹೋಯಿತು. ಎಂಜಿನ್ ಒಂದೇ ಸಮ ಹಾಡುತ್ತಿತ್ತು. ಅದರಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ.

ಇಳಿದ ಮೇಲೆ ಜನ ಅವಳನ್ನು ಸುತ್ತಿಕೊಂಡರು. ಏನು ಕಂಡೆ ಎಂದು ಎಲ್ಲರೂ ಕೇಳಿದರು. ಗೋಡೌನಿನ ಮಾಡಿನಲ್ಲಿ ನಾಲ್ಕು ಹೆಂಚು ಒಡೆದಿದೆ, ಮಳೆಗೆ ಮುಂಚೆ ಹಾಕಿಸಬೇಕು ಎಂದಳು. ನಗು ಎದ್ದಿತು, ಬೆಳ್ಳಿಯಪ್ಪನೂ ನಕ್ಕ. ಗಜಾನನನಿಗೆ ಯಾರೂ ಹೋಗೆನ್ನಲಿಲ್ಲ, ಇರೆನ್ನಲೂ ಇಲ್ಲ. ಅವನು ಗೋಡೌನಿಗೆ ಹೋಗಿ ಚೀಲ ಎತ್ತಿಕೊಂಡ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಜೀಪಿನಲ್ಲಿ ಬಿಡಲೇ ಎಂದು ಕೇಳಿದ್ದಕ್ಕೆ ನಡೆದೇ ಹೋಗುತ್ತೇನೆಂದ.

ಚೆಟ್ಟಳ್ಳಿಯ ಬಸ್ಸಿನ ಕಟ್ಟೆಯ ಹತ್ತಿರದ ಚಾ ಅಂಗಡಿಯಲ್ಲಿ ಎಲ್ಲರ ಬಾಯಲ್ಲೂ ವಿಮಾನ. ಒಬ್ಬ ಅದು ಸರ್ಕಾರದ್ದು, ಜಮೀನು ಅಳೆಯಲು ಬಂದದ್ದು ಎಂದ. ಇನ್ನೊಬ್ಬ ಕುಟ್ಟದ ಕಡೆಯಿಂದ ಬಂತು, ತಾನೇ ಕಂಡೆ ಎಂದ. ಗಜಾನನ ಬೆಂಚಿನ ತುದಿಯಲ್ಲಿ ಕೂತು, ಚಾ ಗುಟುಕರಿಸುತ್ತ, ಈ ಮೂಢರ ಮಾತನ್ನು ಎಷ್ಟು ಹೊತ್ತು ಕೇಳುವುದೆಂದು ಬಾಯಿ ಹಾಕಿದ. ಅದು ಇಲ್ಲಿಯೇ ಕಟ್ಟಿದ ವಿಮಾನ, ತಿರುಗುವಾಗ ಬಲಕ್ಕೆ ವಾಲುತ್ತದೆ, ಇಳಿಯುವಾಗ ಕುಪ್ಪಳಿಸಿತು, ಓಡಿಸುವವನ ಕೈ ಇನ್ನೂ ಪಳಗಿಲ್ಲ ಎಂದ.

ಅಂಗಡಿಯೇ ಅವನ ಕಡೆ ತಿರುಗಿತು. ಕಂಬಳಿ ಹೊದ್ದ ಒಬ್ಬ ಮುದುಕ ಆಸೆಯಿಂದ ಮುಂದೆ ಬಗ್ಗಿ, ಹಾಗಾದರೆ ನೀವೂ ಅದರಲ್ಲಿ ಹತ್ತಿದ್ದಿರಾ ಎಂದು ಕೇಳಿದ.

ಗಜಾನನ ಲೋಟವನ್ನು ಬೆಂಚಿನ ಮೇಲಿಟ್ಟ.

"ಇಲ್ಲ," ಎಂದ. "ಯಾವುದರಲ್ಲೂ ಹತ್ತಿಲ್ಲ."

ಮುದುಕ ಇನ್ನೂ ಒಂದು ಗಳಿಗೆ ಅವನ ಮುಖ ನೋಡಿದ. ಆಮೇಲೆ, ಹಾಗಾದರೆ ಇವನನ್ನು ಕೇಳಿ ಪ್ರಯೋಜನವಿಲ್ಲ ಎಂಬಂತೆ, ಕುಟ್ಟದ ಕಡೆಯಿಂದ ವಿಮಾನ ಬಂದದ್ದನ್ನು ಕಂಡವನ ಕಡೆ ತಿರುಗಿ ಕೂತ.